ಪ್ರವಾಸಕ್ಕೆ, ಕ್ಯಾಂಪಿಂಗ್‌ಗೆ ಮಿಲಿಟರಿ ಶೈಲಿಯ ವಾಚ್: ಪದೇ ಪದೇ ಕೇಳುವ ಪ್ರಶ್ನೆಗಳು

ಟೆಂಟ್ ಒಳಗೆ ನಡುರಾತ್ರಿ ಎಚ್ಚರವಾಗುತ್ತದೆ. ಬ್ಯಾಟರಿ ಉಳಿಸೋಕೆ ಅಂತ ಫೋನ್ ಆಫ್ ಮಾಡಿ ಬ್ಯಾಗಿನ ತಳಕ್ಕೆ ಹಾಕಿದ್ದೀರಿ. ಪಕ್ಕದವರು ಗಾಢ ನಿದ್ದೆಯಲ್ಲಿದ್ದಾರೆ, ಟಾರ್ಚ್ ಹಾಕುವ ಹಾಗಿಲ್ಲ. ಬೆಳಗಾಗೋಕೆ ಇನ್ನೂ ಎಷ್ಟು ಹೊತ್ತಿದೆ? ಕೈ ಮುಖದ ಹತ್ತಿರ ತಂದು ಒಂದು ಸಲ ನೋಡಿದರೆ ಗೊತ್ತಾಗಬೇಕು. ವಾಚ್ ಆರಿಸುವಾಗ ಮನಸ್ಸಿನಲ್ಲಿ ಇರಬೇಕಾದದ್ದು ಈ ಗಳಿಗೆ ಅಂತ ನಾನು ನಂಬಿದ್ದೇನೆ. ಕೆಳಗಿನ ಉತ್ತರಗಳನ್ನೆಲ್ಲ ಅದನ್ನೇ ನೆನಪಿಟ್ಟುಕೊಂಡು ಬರೆದಿದ್ದೇನೆ.

ಮಿಲಿಟರಿ ವಾಚ್ ಅಂದರೆ ನಿಜವಾಗಿ ಏನು?

ಸೈನ್ಯ ತನಗೆ ಬೇಕಾದ ಹಾಗೆ ನಿಯಮ ಬರೆದು ಮಾಡಿಸಿಕೊಂಡ ವಾಚ್. ಆ ನಿಯಮಗಳನ್ನು ನೋಡಿದರೆ ಯಾವುದು ಮುಖ್ಯ, ಯಾವುದು ಅಲ್ಲ ಅನ್ನೋದು ತಾನಾಗಿಯೇ ತಿಳಿಯುತ್ತದೆ.

ಮೊದಲ ಮಹಾಯುದ್ಧಕ್ಕೆ ಮುಂಚೆ ಗಂಡಸರು ಹೆಚ್ಚಾಗಿ ಜೇಬಿನ ಗಡಿಯಾರ ಇಟ್ಟುಕೊಳ್ಳುತ್ತಿದ್ದರು. ಕಂದಕದಲ್ಲಿ ಕೂತವನಿಗೆ ಕೋಟಿನ ಗುಂಡಿ ಬಿಚ್ಚಿ ಗಡಿಯಾರ ತೆಗೆಯೋಕೆ ಪುರುಸೊತ್ತಿಲ್ಲ. ಹೀಗೆ ಗಡಿಯಾರ ಜೇಬಿನಿಂದ ಮಣಿಕಟ್ಟಿಗೆ ಬಂತು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಎ-11 ವಾಚ್ ಬಂತು. ಕಪ್ಪು ಡಯಲ್, ಬಿಳಿ ಅಂಕಿ, ಮಧ್ಯದಲ್ಲೇ ಸೆಕೆಂಡ್ ಮುಳ್ಳು. ಎಲ್ಜಿನ್, ಬುಲೋವಾ, ವಾಲ್ಥಮ್ ಕಂಪನಿಗಳು ಅದನ್ನು ಮಾಡಿದವು. ಪಕ್ಕದ ತಿರುಪು, ಅಂದರೆ ಕ್ರೌನ್ ಎಳೆದರೆ ಸೆಕೆಂಡ್ ಮುಳ್ಳು ನಿಂತುಬಿಡುತ್ತಿತ್ತು. ಇದಕ್ಕೆ 'ಹ್ಯಾಕ್' ಅಂತ ಹೆಸರು. ಇಡೀ ತಂಡ ಒಂದೇ ಸೆಕೆಂಡಿಗೆ ವಾಚ್ ಹೊಂದಿಸಿಕೊಳ್ಳೋಕೆ ಇದು ಬೇಕಾಗಿತ್ತು.

ಬ್ರಿಟನ್ ಸೇನೆಗಾಗಿ ಯುದ್ಧದ ಕೊನೆಯಲ್ಲಿ 12 ಸ್ವಿಸ್ ಕಂಪನಿಗಳು ಒಂದೇ ನಿಯಮಕ್ಕೆ ವಾಚ್ ಮಾಡಿಕೊಟ್ಟವು. ಒಮೇಗಾ, ಲಾಂಜಿನ್ಸ್ ಕೂಡ ಅದರಲ್ಲಿದ್ದವು. ಸಂಗ್ರಹಕಾರರು ಇವನ್ನು 'ಡರ್ಟಿ ಡಜನ್' ಅಂತ ಕರೆಯುತ್ತಾರೆ. ಕೇಳಿದ್ದು ಇಷ್ಟೇ: ಕಪ್ಪು ಡಯಲ್, ದಪ್ಪ ಅಂಕಿ, ಕತ್ತಲಲ್ಲಿ ಕಾಣುವ ಮುಳ್ಳು, ಚೂರಾಗದ ಗಾಜು, ನೀರು ಒಳಗೆ ಹೋಗದ ಕೇಸ್. ತಾರೀಖು ಕೂಡ ಇರಲಿಲ್ಲ! ನನಗೆ ಈ ಪಟ್ಟಿ ಇವತ್ತಿಗೂ ತುಂಬಾ ಇಷ್ಟ. ಕ್ಯಾಂಪಿಂಗ್‌ಗೆ ಹೊರಟವರಿಗೂ ಬೇಕಾದದ್ದು ಹೆಚ್ಚುಕಮ್ಮಿ ಇದೇ ಅಲ್ವಾ?

ಹಸಿರು ಬಣ್ಣ, ಕ್ಯಾಮೊಫ್ಲಾಜ್ ಪಟ್ಟಿ ಇದ್ದರೆ ಮಿಲಿಟರಿ ವಾಚ್ ಅಂತ ಲೆಕ್ಕವಾ?

ಇಲ್ಲ. ಅದು ಬರೀ ವೇಷ. ನಾನು ಮೊದಲು ಕೊಂಡ 'ಕಮಾಂಡೋ' ವಾಚ್ ಇಂಥದ್ದೇ. ಡಯಲ್ ಒಳಗೆ ಮೂರು ಪುಟ್ಟ ಡಯಲ್‌ಗಳಿದ್ದವು, ಮೂರೂ ಬರೀ ಅಚ್ಚು ಹಾಕಿದ ಚಿತ್ರ. ಪಕ್ಕದ ನಾಲ್ಕು ಗುಂಡಿಗಳಲ್ಲಿ ಎರಡು ಒತ್ತಿದರೆ ಒಳಗೇ ಹೋಗುತ್ತಿರಲಿಲ್ಲ. ಕಪ್ಪು ಡಯಲ್ ಮೇಲೆ ಕಡು ಬೂದು ಮುಳ್ಳು. ಅಂಗಡಿಯ ಬೆಳಕಿನಲ್ಲಿ ನೋಡೋಕೆ ಚೆಂದ ಇತ್ತು. ಕಾಡಿನಲ್ಲಿ ಸಂಜೆ ಆರೂವರೆ ಆಗುತ್ತಿದ್ದ ಹಾಗೆ ಮುಳ್ಳು ಎಲ್ಲಿದೆ ಅಂತ ಹುಡುಕಬೇಕಾಗಿತ್ತು.

ಪ್ರವಾಸಿಗರಿಗೆ ಇನ್ನೊಂದು ಮಾತು. ಬಾರ್ಬಡೋಸ್, ಜಮೈಕಾದಂಥ ಕೆಲವು ದೇಶಗಳಲ್ಲಿ ಸಾಮಾನ್ಯ ಜನ ಕ್ಯಾಮೊಫ್ಲಾಜ್ ಬಟ್ಟೆ ಹಾಕುವುದು ಕಾನೂನಿಗೆ ವಿರುದ್ಧ. ಅಂಥ ಕಡೆ ಹೋಗುವಾಗ ಕ್ಯಾಮೊಫ್ಲಾಜ್ ಸ್ಟ್ರಾಪ್ ಯಾಕೆ ಬೇಕು? ಕಪ್ಪು, ಬೂದು ಅಥವಾ ಸಾದಾ ಹಸಿರು ಸ್ಟ್ರಾಪ್ ಹಾಕಿಕೊಂಡು ಹೋಗಿ.

ಡಬ್ಬಿ ಮೇಲೆ 'ಮಿಲ್-ಎಸ್‌ಟಿಡಿ-810' ಅಂತ ಬರೆದಿದೆ. ಅದನ್ನು ನಂಬಬಹುದಾ?

ಅರ್ಧ ನಂಬಿ. ಇದು ಅಮೆರಿಕದ ರಕ್ಷಣಾ ಇಲಾಖೆಯ ಪರೀಕ್ಷಾ ವಿಧಾನಗಳ ಪುಸ್ತಕ. ಮೊದಲು ಬಂದದ್ದು 1962ರಲ್ಲಿ, 'ಎಚ್' ಆವೃತ್ತಿ 2019ರದ್ದು. ಬಿಸಿ, ಚಳಿ, ಧೂಳು, ಅದುರು, ಉಪ್ಪಿನ ಮಂಜು ಹೀಗೆ ಹತ್ತಾರು ಪರೀಕ್ಷೆ ಮಾಡುವ ಕ್ರಮ ಅದರಲ್ಲಿದೆ. ಆದರೆ 'ಈ ವಾಚ್ ಪಾಸಾಗಿದೆ' ಅಂತ ಸೈನ್ಯದವರು ಯಾರೂ ಬಂದು ಮುದ್ರೆ ಒತ್ತುವುದಿಲ್ಲ. ಕಂಪನಿಯೇ ತನಗೆ ಬೇಕಾದ ಪರೀಕ್ಷೆ ಆರಿಸಿಕೊಂಡು, ತಾನೇ ಮಾಡಿ ಅಥವಾ ಲ್ಯಾಬಿನಲ್ಲಿ ಮಾಡಿಸಿ, ತಾನೇ ಬರೆದುಕೊಳ್ಳಬಹುದು. ಯಾವ ಯಾವ ಪರೀಕ್ಷೆ ಮಾಡಿದ್ದೇವೆ ಅಂತ ಬಿಡಿಸಿ ಹೇಳಿದ ಕಂಪನಿಯ ಮಾತಿಗೆ ಬೆಲೆ ಕೊಡಿ.

ಅದಕ್ಕಿಂತ ಐಎಸ್‌ಒ (ಅಂತರರಾಷ್ಟ್ರೀಯ ಗುಣಮಟ್ಟ ಸಂಸ್ಥೆ) ಅಂಕಿಗಳು ನನಗೆ ಉಪಯೋಗಕ್ಕೆ ಬಂದಿವೆ. ಐಎಸ್‌ಒ 1413 ಅಂದರೆ ಪೆಟ್ಟು ತಡೆಯುವ ಪರೀಕ್ಷೆ, ಒಂದು ಮೀಟರ್ ಎತ್ತರದಿಂದ ಗಟ್ಟಿ ಮರದ ನೆಲಕ್ಕೆ ಬಿದ್ದಷ್ಟು ಪೆಟ್ಟು. ಐಎಸ್‌ಒ 764 ಅಯಸ್ಕಾಂತದ್ದು. ಐಎಸ್‌ಒ 6425 ಡೈವಿಂಗ್ ವಾಚ್‌ಗಳದ್ದು, ಇದು ಮೂರರಲ್ಲೂ ಕಠಿಣ.

ಮುಳ್ಳಿನ ವಾಚ್ ಒಳ್ಳೆಯದಾ, ಡಿಜಿಟಲ್ಲಾ?

ನಿಮಗೆ ಅಲಾರಂ, ಸ್ಟಾಪ್‌ವಾಚ್, ಕೌಂಟ್‌ಡೌನ್ ನಿಜವಾಗಿ ಬೇಕಾದರೆ ಡಿಜಿಟಲ್. 'ಇನ್ನೆಷ್ಟು ಹೊತ್ತು ಬೆಳಕಿದೆ' ಅಂತ ಕಣ್ಣಿನಲ್ಲೇ ಅಳೆಯಬೇಕಾದರೆ ಮುಳ್ಳು. ಸೂರ್ಯ ಮುಳುಗೋದು ಆರೂಕಾಲಕ್ಕೆ, ಈಗ ನಾಲ್ಕು ನಲವತ್ತು. ಡಯಲ್ ಮೇಲೆ ಆ ಅಂತರ ಒಂದು ತುಂಡಿನ ಹಾಗೆ ಕಾಣುತ್ತದೆ, ಲೆಕ್ಕ ಹಾಕಬೇಕಾಗಿಲ್ಲ. ದಣಿದಾಗ ಇದು ದೊಡ್ಡ ಅನುಕೂಲ.

ಗಟ್ಟಿತನದ ವಿಷಯಕ್ಕೆ ಬಂದರೆ ಡಿಜಿಟಲ್‌ಗೆ ಮುಳ್ಳೇ ಇಲ್ಲ, ಅದುರಿ ಕಳಚೋಕೆ ಏನೂ ಇಲ್ಲ. ಕ್ಯಾಸಿಯೊ ಕಂಪನಿಯ ಕಿಕುಒ ಇಬೆ 1983ರಲ್ಲಿ ಮೊದಲ ಜಿ-ಶಾಕ್ ತಂದಾಗ ಇಟ್ಟುಕೊಂಡ ಗುರಿ ಮೂರು ಹತ್ತುಗಳು: 10 ಮೀಟರ್ ಎತ್ತರದಿಂದ ಬಿದ್ದರೂ ಒಡೆಯಬಾರದು, 10 ಬಾರ್ ನೀರಿನ ಒತ್ತಡ ತಡೆಯಬೇಕು, ಬ್ಯಾಟರಿ 10 ವರ್ಷ ಬರಬೇಕು. ಒಳಗಿನ ಯಂತ್ರವನ್ನು ಕೇಸ್‌ಗೆ ಬಿಗಿಯಾಗಿ ಕೂರಿಸದೆ ಕೆಲವೇ ಕಡೆ ತಾಗುವ ಹಾಗೆ ತೇಲಿಸಿಟ್ಟದ್ದು ಅವರ ಉಪಾಯ. ಬಂಡೆ ಹತ್ತುವವರಿಗೆ, ಮರ ಕಡಿಯುವವರಿಗೆ, ಮಕ್ಕಳಿಗೆ ನಾನು ಕಣ್ಣುಮುಚ್ಚಿ ಹೇಳುವುದು ಚೌಕ ಮುಖದ ಸಾದಾ ಜಿ-ಶಾಕ್.

ಬ್ಯಾಟರಿ, ಸೋಲಾರ್, ಆಟೊಮ್ಯಾಟಿಕ್, ಕೀ ಕೊಡುವ ವಾಚ್: ಯಾವುದು?

ಜಾಸ್ತಿ ಜನರಿಗೆ ಸೋಲಾರ್ ಕ್ವಾರ್ಟ್ಸ್. ಕ್ವಾರ್ಟ್ಸ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಸಾಮಾನ್ಯ ಕ್ವಾರ್ಟ್ಸ್ ವಾಚ್ ತಿಂಗಳಿಗೆ ಹದಿನೈದು ಸೆಕೆಂಡು ಆಚೀಚೆ ಆದರೆ ಹೆಚ್ಚು. ಸೋಲಾರ್ ಆದರೆ ಸೆಲ್ ಬದಲಿಸುವ ತಲೆನೋವು ಇಲ್ಲ, ಅಂದರೆ ಹಿಂಬದಿ ಮುಚ್ಚಳ ಪದೇ ಪದೇ ಬಿಚ್ಚುವುದಿಲ್ಲ. ನೀರು ಒಳಗೆ ಹೋಗುವ ಕಥೆ ಶುರುವಾಗೋದು ಸಾಮಾನ್ಯವಾಗಿ ಸರಿಯಾಗಿ ಮುಚ್ಚದ ಆ ಮುಚ್ಚಳದಿಂದಲೇ. ಸಿಟಿಜನ್ ಇಕೊ-ಡ್ರೈವ್‌ನ ಸಾದಾ ಫೀಲ್ಡ್ ವಾಚ್‌ಗಳು ತುಂಬಿ ಚಾರ್ಜ್ ಆದರೆ ಕತ್ತಲಲ್ಲೂ ತಿಂಗಳುಗಟ್ಟಲೆ ಓಡುತ್ತವೆ. ಚಳಿಗಾಲದಲ್ಲಿ ಉದ್ದ ತೋಳಿನ ಕೆಳಗೆ ವಾರಗಟ್ಟಲೆ ಮುಚ್ಚಿಡಬೇಡಿ, ಅಷ್ಟೆ. ಆಗಾಗ ಬೆಳಕು ತೋರಿಸಿ.

ಆಟೊಮ್ಯಾಟಿಕ್, ಅಂದರೆ ಕೈ ಅಲುಗಾಡಿದಾಗ ತಾನೇ ಕೀ ತುಂಬಿಕೊಳ್ಳುವ ವಾಚ್ ದಿನಕ್ಕೆ ಹತ್ತಿಪ್ಪತ್ತು ಸೆಕೆಂಡು ವ್ಯತ್ಯಾಸ ಮಾಡಿದರೂ ಅದು ಕೆಟ್ಟಿದೆ ಅಂತಲ್ಲ. ಕೈಯಿಂದ ಬಿಚ್ಚಿಟ್ಟರೆ ಸಾಮಾನ್ಯವಾಗಿ ಎರಡು ದಿನದೊಳಗೆ ನಿಲ್ಲುತ್ತದೆ. ಕೀ ಕೊಡುವ ವಾಚ್‌ಗಳಲ್ಲಿ ಹ್ಯಾಮಿಲ್ಟನ್ ಖಾಕಿ ಫೀಲ್ಡ್ ಮೆಕ್ಯಾನಿಕಲ್ ಈಗ 80 ಗಂಟೆ ಓಡುತ್ತದೆ. ಬೆಳಗ್ಗೆ ಎದ್ದು ಚಳಿಗೆ ಮರಗಟ್ಟಿದ ಬೆರಳಿನಲ್ಲಿ ನಿಧಾನವಾಗಿ ಕೀ ಕೊಡುವಾಗ, ಸಣ್ಣ ಹಲ್ಲುಗಳು ಒಂದೊಂದೇ ಕಚ್ಚಿಕೊಳ್ಳುವುದು ಬೆರಳ ತುದಿಗೆ ಗೊತ್ತಾಗುತ್ತದೆ. ಅದರ ಮೇಲೆ ನನಗೆ ಪ್ರೀತಿ ಇದೆ, ಮುಚ್ಚಿಡುವುದಿಲ್ಲ. ಆದರೆ ಒಂದೇ ವಾಚ್ ಕೊಳ್ಳುವವರಿಗೆ, ಕಷ್ಟದ ಚಾರಣಕ್ಕೆ ಹೊರಟವರಿಗೆ ಇದನ್ನು ಹೇಳುವುದಿಲ್ಲ. ಕೀ ಕೊಡುವಾಗ ವಾಚನ್ನು ಕೈಯಿಂದ ಬಿಚ್ಚಿ ಕೊಡಿ. ಕಟ್ಟಿಕೊಂಡೇ ಕೊಟ್ಟರೆ ತಿರುಪಿನ ದಂಡದ ಮೇಲೆ ಪಕ್ಕದಿಂದ ಒತ್ತಡ ಬೀಳುತ್ತದೆ.

ಸ್ಮಾರ್ಟ್‌ವಾಚ್ ಇದೆಯಲ್ಲ, ಇನ್ನೊಂದು ಯಾಕೆ?

ದಿನವೂ ಚಾರ್ಜ್ ಮಾಡುವ ಜಾಗ ಇದ್ದರೆ ಬೇಡ. ಇಲ್ಲದಿದ್ದರೆ ಬೇಕು. ಜಿಪಿಎಸ್ ವಾಚ್ ದಾರಿ ತೋರಿಸುತ್ತದೆ, ನಿಜ. ಆದರೆ ಜಿಪಿಎಸ್ ಹಾಕಿದಷ್ಟೂ ಬ್ಯಾಟರಿ ಬೇಗ ಇಳಿಯುತ್ತದೆ. ದಾರಿಗೆ ಅದನ್ನು ಬಳಸಿ, ಹೊತ್ತಿಗೆ ಸಾದಾ ವಾಚ್ ಇಟ್ಟುಕೊಳ್ಳಿ.

'30 ಮೀಟರ್ ವಾಟರ್ ರೆಸಿಸ್ಟೆಂಟ್' ಅಂದರೆ 30 ಮೀಟರ್ ಆಳಕ್ಕೆ ಇಳಿಯಬಹುದಾ?

ಖಂಡಿತ ಇಲ್ಲ. ಜನ ಜಾಸ್ತಿ ಮೋಸ ಹೋಗುವುದು ಇಲ್ಲೇ. ಆ ಅಂಕಿ ಲ್ಯಾಬಿನಲ್ಲಿ ಅಲುಗಾಡದೆ ಇರುವ ಹೊಸ ವಾಚ್ ತಡೆದ ಒತ್ತಡ. 30 ಮೀಟರ್ ಅಂದರೆ 3 ಬಾರ್. ಕೈ ತೊಳೆಯುವಾಗ ಸಿಡಿದ ನೀರು, ಸಣ್ಣ ಮಳೆ, ಅಷ್ಟಕ್ಕೆ ಸಾಕು. 50 ಮೀಟರ್ ಇದ್ದರೆ ಹಗುರಾಗಿ ಈಜಬಹುದು ಅಂತಾರೆ. ಕ್ಯಾಂಪಿಂಗ್‌ಗೆ ನಾನು ಹೇಳುವುದು ಕನಿಷ್ಠ 100 ಮೀಟರ್. ಹೊಳೆ ದಾಟುವುದು, ದಿನವಿಡೀ ಮಳೆ, ಜಲಪಾತದ ಕೆಳಗೆ ನಿಲ್ಲುವುದು ಎಲ್ಲ ಅದರಲ್ಲಿ ನಡೆಯುತ್ತದೆ. ತಿರುಗಿಸಿ ಬಿಗಿಮಾಡುವ ಕ್ರೌನ್ ಇದ್ದರೆ ಇನ್ನೂ ಒಳ್ಳೆಯದು, ಆದರೆ ಬಿಗಿಮಾಡೋದು ಮರೆತರೆ ಅದು ಇದ್ದೂ ಇಲ್ಲದ ಹಾಗೆ.

ಒಳಗಿನ ರಬ್ಬರ್ ಉಂಗುರಗಳು ವರ್ಷ ಕಳೆದಂತೆ ಗಡುಸಾಗುತ್ತವೆ. ಹಾಗಾಗಿ ಹತ್ತು ವರ್ಷದ ಹಳೇ ವಾಚ್ ಮೇಲಿನ '100 ಮೀಟರ್' ಹೊಸದರ 100 ಮೀಟರ್‌ಗೆ ಸಮ ಅಲ್ಲ. ಮುಚ್ಚಳ ಬಿಚ್ಚಿದಾಗಲೆಲ್ಲ ರಬ್ಬರ್ ನೋಡಿ, ಬೇಕಾದರೆ ಬದಲಿಸಿ, ಒತ್ತಡದ ಪರೀಕ್ಷೆ ಮಾಡಿಕೊಡಿ ಅಂತ ಕೇಳಿ. ಬಿಸಿನೀರಿನ ಬುಗ್ಗೆ, ಸೌನಾಗೆ ವಾಚ್ ಕಟ್ಟಿಕೊಂಡು ಇಳಿಯಬೇಡಿ. ನೀರಿನೊಳಗೆ ಗುಂಡಿ ಒತ್ತಬೇಡಿ.

ಗಾಜಿನ ಒಳಗೆ ಆವಿ ಕಟ್ಟಿದೆ. ಏನು ಮಾಡಲಿ?

ಒಂದು ಸಲ ಮೂರು ದಿನ ಮಳೆಯಲ್ಲಿ ನಡೆದ ಮೇಲೆ ನನ್ನ ವಾಚಿನ ನಾಲ್ಕರ ಅಂಕಿ ಹತ್ತಿರ, ಗಾಜಿನ ಒಳಮೈಯಲ್ಲಿ ಸಾಸಿವೆ ಕಾಳಿನಷ್ಟು ಒಂದು ಹನಿ ಕಂಡಿತು. ಬಿಸಿಲಿಗೆ ಹಿಡಿದೆ, ಮಾಯವಾಯಿತು. ಸರಿಹೋಯಿತು ಅಂದುಕೊಂಡೆ. ರಾತ್ರಿ ತಣ್ಣಗಾದಾಗ ಡಯಲ್ ಪೂರ್ತಿ ಮಂಜು. ಹನಿ ಎಲ್ಲಿಗೂ ಹೋಗಿರಲಿಲ್ಲ, ಒಳಗೇ ಆವಿಯಾಗಿ ಹರಡಿತ್ತು. ಎರಡು ತಿಂಗಳಲ್ಲಿ ಮುಳ್ಳಿನ ಬುಡಕ್ಕೆ ತುಕ್ಕು ಹಿಡಿಯಿತು.

ಹಾಗಾಗಿ ಆವಿ ಕಂಡ ತಕ್ಷಣ ಕೈಯಿಂದ ಬಿಚ್ಚಿ, ಒಣ ಜಾಗದಲ್ಲಿಡಿ, ಆದಷ್ಟು ಬೇಗ ರಿಪೇರಿಯವರ ಹತ್ತಿರ ಕೊಟ್ಟು ಬಿಚ್ಚಿಸಿ ಒಣಗಿಸಿ. ಉಪ್ಪುನೀರು ಹೋಗಿದ್ದರೆ ಅದೇ ದಿನ ಓಡಬೇಕು. ಅಕ್ಕಿ ಡಬ್ಬಿಯಲ್ಲಿ ಹೂತಿಡುವ ಉಪಾಯ ಇಲ್ಲಿ ಕೆಲಸ ಮಾಡುವುದಿಲ್ಲ, ಮುಚ್ಚಿದ ಕೇಸ್ ಒಳಗಿನ ತೇವವನ್ನು ಹೊರಗಿನ ಅಕ್ಕಿ ಹೇಗೆ ಎಳೆಯುತ್ತದೆ?

ಕತ್ತಲಲ್ಲಿ ಹೊಳೆಯುವ 'ರೇಡಿಯಂ' ಇದ್ದರೆ ಸಾಕಾ? ಅದು ಅಪಾಯವಾ?

ಕತ್ತಲಲ್ಲಿ ಹೊಳೆಯುವುದಕ್ಕೆಲ್ಲ ನಾವು ರೇಡಿಯಂ ಅಂತೀವಿ. ಈಗಿನ ವಾಚ್‌ಗಳಲ್ಲಿ ರೇಡಿಯಂ ಇಲ್ಲ. ಹಿಂದೆ ನಿಜವಾಗಿಯೂ ಇತ್ತು. 1910, 20ರ ದಶಕಗಳಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಹೆಣ್ಣುಮಕ್ಕಳು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಡಯಲ್‌ಗೆ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಹಾಗೆ ಮಾಡಿ ಅಂತ ಅವರಿಗೆ ಹೇಳಿಕೊಟ್ಟಿದ್ದರು. ಎಷ್ಟೋ ಜನ ದವಡೆಯ ಮೂಳೆ ಕೊಳೆತು ಸತ್ತರು. ಕತ್ತಲಲ್ಲಿ ಮಿನುಗುವ ಒಂದು ಅಂಕಿಯ ಹಿಂದೆ ಇಷ್ಟು ನೋವಿದೆ ಅನ್ನೋದು ವಾಚ್ ಇಷ್ಟಪಡುವವರೆಲ್ಲ ತಿಳಿದಿರಬೇಕು.

ಈಗ ಮುಖ್ಯವಾಗಿ ಮೂರು ಬಗೆ ಇದೆ. ಮೊದಲನೆಯದು ಬೆಳಕು ಕುಡಿದು ಬೆಳಕು ಬಿಡುವ ಬಣ್ಣ. ಜಪಾನಿನ ನೆಮೊಟೊ ಕಂಪನಿ 1993ರಲ್ಲಿ ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಬಳಸಿ ತಂದ ಲ್ಯೂಮಿನೋವಾ, ಅದರ ನಂತರದ ಸೂಪರ್-ಲ್ಯೂಮಿನೋವಾ ಇದೇ ಜಾತಿ. ವಿಕಿರಣ ಇಲ್ಲ. ಟಾರ್ಚಿಗೆ ಅರ್ಧ ನಿಮಿಷ ಹಿಡಿದರೆ ಜೋರಾಗಿ ಹೊಳೆಯುತ್ತದೆ, ಮೊದಲ ಅರ್ಧ ಗಂಟೆಯಲ್ಲೇ ತುಂಬಾ ಇಳಿಯುತ್ತದೆ. ಆಮೇಲೆ ಮಂದವಾಗಿ ಗಂಟೆಗಟ್ಟಲೆ ಉಳಿಯುತ್ತದೆ. ಬಣ್ಣ ದಪ್ಪ ಹಚ್ಚಿದ್ದರೆ ಮುಂಜಾನೆಯವರೆಗೂ ಕಾಣುತ್ತದೆ, ತೆಳ್ಳಗೆ ಹಚ್ಚಿದ್ದರೆ ಹನ್ನೆರಡಕ್ಕೇ ಕತ್ತಲು.

ಎರಡನೆಯದು ಟ್ರಿಟಿಯಂ ಅನಿಲ ತುಂಬಿದ ಪುಟ್ಟ ಗಾಜಿನ ಕೊಳವೆ. ಲೂಮಿನಾಕ್ಸ್, ಮ್ಯಾರಥಾನ್ ವಾಚ್‌ಗಳಲ್ಲಿ ನೋಡಿರಬಹುದು. ಬೆಳಕು ತೋರಿಸಬೇಕಾಗಿಲ್ಲ, ಇಡೀ ರಾತ್ರಿ ಒಂದೇ ಸಮ. ಟ್ರಿಟಿಯಂ ಅರ್ಧಾಯುಷ್ಯ ಸುಮಾರು 12.3 ವರ್ಷ, ಅಂದರೆ ಅಷ್ಟು ಹೊತ್ತಿಗೆ ಅರ್ಧ ಅನಿಲ ಮುಗಿದಿರುತ್ತದೆ, ಹೊಳಪೂ ಇಳಿದಿರುತ್ತದೆ. ಅದರ ದುರ್ಬಲ ಬೀಟಾ ಕಣಗಳು ಗಾಜಿನ ಗೋಡೆ ದಾಟುವುದಿಲ್ಲ, ಕೈಗೆ ಕಟ್ಟಲು ಭಯ ಬೇಡ. ಟೆಂಟ್‌ನಲ್ಲಿ ಮಲಗುವವರಿಗೆ ನನ್ನ ಮೊದಲ ಆಯ್ಕೆ ಇದೇ.

ಮೂರನೆಯದು ಗುಂಡಿ ಒತ್ತಿದರೆ ಬೆಳಗುವ ದೀಪ. ಟೈಮೆಕ್ಸ್ 1992ರಲ್ಲಿ ತಂದ ಇಂಡಿಗ್ಲೋದಲ್ಲಿ ಡಯಲ್ ಪೂರ್ತಿ ತಣ್ಣನೆ ನೀಲಿ ಹಸಿರಾಗಿ ಬೆಳಗುತ್ತದೆ. ಓದಲು ತುಂಬಾ ಸುಲಭ. ಆದರೆ ಇನ್ನೊಂದು ಕೈ ಬೇಕು.

ಅಸಲಿ ಹಳೇ ಸೇನಾ ವಾಚ್ ಸಿಕ್ಕಿದೆ. ಕಟ್ಟಿಕೊಂಡು ಕ್ಯಾಂಪ್‌ಗೆ ಹೋಗಬಹುದಾ?

ಬೇಡ. 1960ರ ದಶಕಕ್ಕೆ ಮುಂಚಿನದಾದರೆ ಡಯಲ್ ಮೇಲೆ ರೇಡಿಯಂ ಇರುವ ಸಾಧ್ಯತೆ ಇದೆ. ಹೊಳಪು ಸತ್ತಿರುತ್ತದೆ, ರೇಡಿಯಂ ಸತ್ತಿರುವುದಿಲ್ಲ, ಅದರ ಅರ್ಧಾಯುಷ್ಯ ಸುಮಾರು 1,600 ವರ್ಷ. ಮುಚ್ಚಳ ನೀವೇ ಬಿಚ್ಚಬೇಡಿ, ಉದುರಿದ ಪುಡಿ ಉಸಿರಿಗೆ ಹೋಗಬಾರದು. ಮಳೆಯಂತೂ ಅದಕ್ಕೆ ಆಗುವುದೇ ಇಲ್ಲ.

ಗಾಜು ಯಾವುದಿರಬೇಕು?

ಗಡಸುತನದ ಮೋಸ್ ಅಳತೆಯಲ್ಲಿ ಸಾಮಾನ್ಯ ಗಾಜು ಐದೂವರೆ ಆಸುಪಾಸು, ಮರಳಿನ ಕ್ವಾರ್ಟ್ಸ್ ಕಣ 7, ಸಫೈರ್ 9. ಇಷ್ಟು ತಿಳಿದರೆ ಉತ್ತರ ಸಿಕ್ಕ ಹಾಗೆ. ಮರಳು, ಬಂಡೆ ಇರುವ ಕಡೆ ಸಾಮಾನ್ಯ (ಮಿನರಲ್) ಗಾಜಿಗೆ ಗೀರು ಬೀಳುತ್ತದೆ, ಸಫೈರ್‌ಗೆ ಸುಲಭಕ್ಕೆ ಬೀಳುವುದಿಲ್ಲ. ಆದರೆ ಜೋರು ಪೆಟ್ಟು ಬಿದ್ದರೆ ಸಫೈರ್ ಚೂರಾಗಬಹುದು. ಅಕ್ರಿಲಿಕ್‌ಗೆ (ಇದು ಪ್ಲಾಸ್ಟಿಕ್) ಬೇಗ ಗೀರು ಬೀಳುತ್ತದೆ, ಚೂರು ಮಾತ್ರ ಆಗುವುದಿಲ್ಲ, ಪಾಲಿಶ್ ಹಚ್ಚಿ ಉಜ್ಜಿದರೆ ಮತ್ತೆ ಹೊಸದರಂತೆ. ಸೈನ್ಯಗಳು ಅದನ್ನೇ ಬಳಸಿದ್ದು ಸುಮ್ನೆ ಅಲ್ಲ. ಬಜೆಟ್ ಇದ್ದರೆ ಸಫೈರ್. ಗಾಜಿಗಿಂತ ಕೇಸ್‌ನ ಅಂಚು ತುಸು ಎತ್ತರ ಇರುವುದನ್ನು ಆರಿಸಿದರೆ ಮೊದಲ ಪೆಟ್ಟು ಲೋಹಕ್ಕೆ ಬೀಳುತ್ತದೆ.

ಸೈಜ್ ಎಷ್ಟಿರಬೇಕು? ದೊಡ್ಡದಾದಷ್ಟೂ ಒಳ್ಳೆಯದಲ್ವಾ?

ಯುದ್ಧಕಾಲದ ವಾಚ್‌ಗಳು ಹೆಚ್ಚಾಗಿ 32ರಿಂದ 36 ಮಿಲಿಮೀಟರ್. ಅಷ್ಟರಲ್ಲೇ ಎಲ್ಲ ಕಾಣುತ್ತಿತ್ತು, ಯಾಕಂದರೆ ಡಯಲ್‌ನಲ್ಲಿ ಬೇಡದ್ದು ಏನೂ ಇರಲಿಲ್ಲ. ಈಗ 36ರಿಂದ 40 ಬಹಳ ಜನಕ್ಕೆ ಹೊಂದುತ್ತದೆ. ದಪ್ಪ ನೋಡುವುದು ಮರೆಯಬೇಡಿ. ದಪ್ಪ ವಾಚ್ ಜಾಕೆಟ್ ತೋಳಿಗೆ, ಬ್ಯಾಗಿನ ಪಟ್ಟಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಚಾರಣದ ಕೋಲು ಹಿಡಿದಾಗ ಕ್ರೌನ್ ಕೈಹಿಂಬದಿಗೆ ಚುಚ್ಚುತ್ತದೆ.

ಟೈಟಾನಿಯಂ ಸ್ಟೀಲ್‌ಗಿಂತ ಶೇ. 40ಕ್ಕೂ ಜಾಸ್ತಿ ಹಗುರ, ನಿಕಲ್ ಅಲರ್ಜಿ ಇರುವವರಿಗೂ ಹಿತ. ಆದರೆ ಗೀರು ಬೇಗ ಬೀಳುತ್ತದೆ.

ಸ್ಟ್ರಾಪ್ ಬಗ್ಗೆ ಇಷ್ಟೊಂದು ಯಾಕೆ ಮಾತಾಡುತ್ತಾರೆ?

ಯಾಕಂದರೆ ಎಷ್ಟೋ ವಾಚ್ ಕಳೆದುಹೋಗುವುದು ಕೆಟ್ಟು ಅಲ್ಲ, ಕಳಚಿ. ವಾಚ್‌ಗೂ ಸ್ಟ್ರಾಪ್‌ಗೂ ನಡುವೆ ಸ್ಪ್ರಿಂಗ್ ಇರುವ ಎರಡು ಸಣ್ಣ ಕಡ್ಡಿಗಳಿವೆ. ಹೆಗಲಿನ ಬ್ಯಾಗ್ ಇಳಿಸುವಾಗ ಅದರ ಪಟ್ಟಿ ವಾಚ್‌ಗೆ ಸಿಕ್ಕಿ ನನ್ನ ವಾಚಿನ ಒಂದು ಕಡ್ಡಿ ಟಪ್ ಅಂತ ಹಾರಿತು. ನಾನು ನಿಂತಿದ್ದು ಹೊಳೆಯ ನಡುವಿನ ಕಲ್ಲಿನ ಮೇಲೆ. ಆದರೂ ವಾಚ್ ಕೈಯಲ್ಲೇ ತೂಗುತ್ತಿತ್ತು. ಕಾರಣ, ಕಟ್ಟಿದ್ದದ್ದು ಎರಡೂ ಕಡ್ಡಿಗಳ ಕೆಳಗೆ ಹಾದುಹೋಗುವ ಒಂದೇ ಉದ್ದದ ನೈಲಾನ್ ಪಟ್ಟಿ. ಒಂದು ಕಡ್ಡಿ ಹೋದರೂ ಇನ್ನೊಂದು ಹಿಡಿದಿರುತ್ತದೆ.

ಇದಕ್ಕೆ ಅಂಗಡಿಗಳಲ್ಲಿ ನೇಟೊ ಸ್ಟ್ರಾಪ್ ಅಂತಾರೆ. ಮೂಲದಲ್ಲಿ ಇದು 1973ರಲ್ಲಿ ಬ್ರಿಟನ್ನಿನ ರಕ್ಷಣಾ ಇಲಾಖೆ ನಿಗದಿ ಮಾಡಿದ ಪಟ್ಟಿ. ಸೈನಿಕರು ಜಿ-1098 ಅನ್ನುವ ಫಾರಂ ತುಂಬಿ ಪಡೆಯುತ್ತಿದ್ದರಿಂದ ಜಿ-10 ಅನ್ನುವ ಹೆಸರೂ ಇದೆ. ತೊಳೆಯಬಹುದು, ಬೇಗ ಒಣಗುತ್ತದೆ, ಬೇಕಾದರೆ ಜಾಕೆಟ್ ತೋಳಿನ ಮೇಲೂ ಕಟ್ಟಬಹುದು. ಚರ್ಮದ ಪಟ್ಟಿ ಬೆವರು, ಮಳೆಗೆ ಕೊಳೆತು ನಾರುತ್ತದೆ. ಸ್ಟೀಲ್ ಚೈನ್ ಚಳಿಯಲ್ಲಿ ಕೊರೆಯುತ್ತದೆ. ರಬ್ಬರ್ ನೀರಿಗೆ ಒಳ್ಳೆಯದು, ಆದರೆ ಕೆಳಗೆ ಬೆವರು ನಿಲ್ಲುತ್ತದೆ. ಕೊಳ್ಳುವಾಗ ಸ್ಟ್ರಾಪ್ ಅಗಲ 18, 20 ಅಥವಾ 22 ಮಿಲಿಮೀಟರ್ ಇದೆಯಾ ನೋಡಿ. ಆ ಕಂಪನಿಯದ್ದೇ ಪಟ್ಟಿ ಬೇಕು ಅನ್ನುವ ವಿಚಿತ್ರ ಆಕಾರದ ಕೇಸ್ ಆದರೆ, ಪಟ್ಟಿ ಹರಿದ ದಿನ ಒದ್ದಾಟ.

ವಾಚ್ ನೋಡಿ ದಿಕ್ಕು ಕಂಡುಹಿಡಿಯಬಹುದಂತೆ, ನಿಜವಾ?

ನಿಜ, ಆದರೆ ಎಲ್ಲ ಕಡೆ ಅಲ್ಲ. ಉತ್ತರಾರ್ಧಗೋಳದಲ್ಲಿ ವಾಚನ್ನು ಮಟ್ಟಸವಾಗಿ ಹಿಡಿದು ಗಂಟೆ ಮುಳ್ಳನ್ನು ಸೂರ್ಯನ ಕಡೆ ತಿರುಗಿಸಿ. ಗಂಟೆ ಮುಳ್ಳಿಗೂ ಹನ್ನೆರಡಕ್ಕೂ ಸರಿಯಾಗಿ ನಡುವೆ ಬರುವ ಗೆರೆ ದಕ್ಷಿಣ ತೋರಿಸುತ್ತದೆ. ದಕ್ಷಿಣಾರ್ಧಗೋಳದಲ್ಲಿ ಹನ್ನೆರಡನ್ನು ಸೂರ್ಯನ ಕಡೆ ಹಿಡಿದರೆ, ಆ ನಡುಗೆರೆ ಉತ್ತರ ತೋರಿಸುತ್ತದೆ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ, ಗಂಟೆ ಮುಳ್ಳು 30 ಡಿಗ್ರಿ, ಅದಕ್ಕೇ ಅರ್ಧ ಮಾಡುವುದು.

ಭೂಮಧ್ಯರೇಖೆಯ ಆಸುಪಾಸು, ಉಷ್ಣವಲಯದಲ್ಲಿ ಸೂರ್ಯ ನೆತ್ತಿಯ ಹತ್ತಿರ ಹಾಯುವುದರಿಂದ ಈ ಲೆಕ್ಕ ಪೂರ್ತಿ ತಪ್ಪಬಹುದು. ಅಲ್ಲಿ ಇದನ್ನು ನಂಬಿ ದಾರಿ ಹಿಡಿಯಲೇಬೇಡಿ. ದಿಕ್ಸೂಚಿ ಅಂಗೈ ಅಗಲದ್ದು, ಅದನ್ನೇ ಇಟ್ಟುಕೊಳ್ಳಿ.

ಎತ್ತರ, ಗಾಳಿಯೊತ್ತಡ, ದಿಕ್ಕು ತೋರಿಸುವ ಸೆನ್ಸರ್ ವಾಚ್ ಬೇಕಾ?

ಬೆಟ್ಟ ಹತ್ತುವವರಿಗೆ ನಿಜಕ್ಕೂ ಉಪಯೋಗ. ಸಮುದ್ರಮಟ್ಟದ ಹತ್ತಿರ ಸುಮಾರು 8 ಮೀಟರ್ ಏರಿದರೆ ಗಾಳಿಯೊತ್ತಡ 1 ಹೆಕ್ಟೊಪಾಸ್ಕಲ್ ಇಳಿಯುತ್ತದೆ. ವಾಚ್ ಎತ್ತರ ಹೇಳುವುದು ಅದನ್ನು ಅಳೆದು. ಹವೆ ಬದಲಾದರೂ ಒತ್ತಡ ಬದಲಾಗುತ್ತದೆ, ಹಾಗಾಗಿ ಎತ್ತರ ಗೊತ್ತಿರುವ ಜಾಗ ಸಿಕ್ಕಾಗಲೆಲ್ಲ ಅದನ್ನು ಸರಿಮಾಡಬೇಕು.

ಇದರ ಚೆಂದದ ಉಪಯೋಗ ರಾತ್ರಿ. ನೀವು ಟೆಂಟ್‌ನಲ್ಲಿ ಮಲಗಿದ್ದೀರಿ, ಅಲುಗಾಡಿಲ್ಲ. ಬೆಳಗ್ಗೆ ನೋಡಿದರೆ ವಾಚ್ 'ನಲವತ್ತು ಮೀಟರ್ ಮೇಲೆ ಬಂದಿದ್ದೀರಿ' ಅನ್ನುತ್ತದೆ. ಬೆಟ್ಟ ಬೆಳೆದಿಲ್ಲ, ಗಾಳಿಯೊತ್ತಡ ಇಳಿದಿದೆ. ಹವೆ ಕೆಡುವ ಸೂಚನೆ ಇದು, ಶಿಖರಕ್ಕೆ ಹೊರಡುವ ಮುಂಚೆ ಇನ್ನೊಮ್ಮೆ ಯೋಚಿಸಿ.

ಉಷ್ಣತೆ ನೋಡಬೇಕಾದರೆ ವಾಚ್ ಬಿಚ್ಚಿ ಇಪ್ಪತ್ತು ನಿಮಿಷ ಇಡಿ, ಇಲ್ಲದಿದ್ದರೆ ನಿಮ್ಮ ಮೈ ಬಿಸಿಯನ್ನೇ ತೋರಿಸುತ್ತದೆ.

ಸಾದಾ ವಾಚ್‌ನಿಂದ ಕಾಡಿನಲ್ಲಿ ಹೊತ್ತು ನೋಡುವುದು ಬಿಟ್ಟು ಏನು ಮಾಡಬಹುದು?

ಬಹಳ ಮಾಡಬಹುದು. ಈ ಪ್ರಶ್ನೆ ಕೇಳಿದವರಿಗೆ ನಾನು ಖುಷಿಯಿಂದ ಉತ್ತರ ಕೊಡುತ್ತೇನೆ.

ನಡಿಗೆಯ ಲೆಕ್ಕ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಸೂತ್ರ ಕೊಟ್ಟರು. ಗಂಟೆಗೆ ಸುಮಾರು 5 ಕಿಲೋಮೀಟರ್, ಏರುವ ಪ್ರತಿ 600 ಮೀಟರ್‌ಗೆ ಇನ್ನೊಂದು ಗಂಟೆ ಸೇರಿಸಿ. 10 ಕಿಲೋಮೀಟರ್ ದಾರಿ, 600 ಮೀಟರ್ ಏರು ಅಂದರೆ ಮೂರು ಗಂಟೆ, ವಿಶ್ರಾಂತಿ ಬೇರೆ. ಇದನ್ನು ನೋಡಿ 'ಮಧ್ಯಾಹ್ನ ಒಂದಾದರೆ ಎಲ್ಲಿದ್ದರೂ ವಾಪಸ್' ಅಂತ ಮೊದಲೇ ತೀರ್ಮಾನ ಮಾಡಿ. ತಿರುಗುವ ಬೆಜೆಲ್, ಅಂದರೆ ಗಾಜಿನ ಸುತ್ತಲಿನ ಉಂಗುರ ಇದ್ದರೆ ಹೊರಡುವಾಗ ಅದರ ಗುರುತನ್ನು ನಿಮಿಷ ಮುಳ್ಳಿಗೆ ಹೊಂದಿಸಿ, ಎಷ್ಟು ಹೊತ್ತಾಯಿತು ಅನ್ನೋದು ನೇರವಾಗಿ ಕಾಣುತ್ತದೆ.

ಸಿಡಿಲು. ಮಿಂಚು ಕಂಡು ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಎಷ್ಟು ಕಿಲೋಮೀಟರ್ ದೂರ ಅಂತ ಗೊತ್ತಾಗುತ್ತದೆ. 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಬಯಲು, ಗುಡ್ಡದ ತುದಿ, ಒಂಟಿ ಮರ ಬಿಟ್ಟು ತಕ್ಷಣ ಇಳಿಯಿರಿ.

ನೀರು. ಹೊಳೆ ನೀರನ್ನು ಕುದಿಸುವಾಗ ಉಕ್ಕಿ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಡಿ, 2,000 ಮೀಟರ್‌ಗಿಂತ ಮೇಲಿದ್ದರೆ ಮೂರು ನಿಮಿಷ. ಅಂದಾಜು ಮಾಡಬೇಡಿ, ಸೆಕೆಂಡ್ ಮುಳ್ಳು ನೋಡಿ.

ಗಾಯ. ರಕ್ತ ನಿಲ್ಲಿಸಲು ಬಿಗಿಪಟ್ಟಿ ಕಟ್ಟಿದರೆ ಕಟ್ಟಿದ ಹೊತ್ತು ಬರೆದಿಡಬೇಕು, ಡಾಕ್ಟರು ಮೊದಲು ಕೇಳುವುದರಲ್ಲಿ ಅದೂ ಒಂದು. ನಾಡಿ ಎಣಿಸಲೂ ಸೆಕೆಂಡ್ ಮುಳ್ಳು ಬೇಕು. ಸೆಕೆಂಡ್ ಮುಳ್ಳಿಲ್ಲದ ವಾಚನ್ನು ಕ್ಯಾಂಪ್‌ಗೆ ನಾನು ಒಪ್ಪದೆ ಇರುವುದು ಇದಕ್ಕೇ.

ಡಯಲ್ ಒಳಗೆ 13ರಿಂದ 24ರವರೆಗೆ ಇನ್ನೊಂದು ಸಾಲು ಅಂಕಿ ಯಾಕೆ?

ಸೈನ್ಯದಲ್ಲಿ 24 ಗಂಟೆಯ ಲೆಕ್ಕ. ರೈಲು, ವಿಮಾನದ ಟಿಕೆಟ್‌ನಲ್ಲೂ ಅದೇ ಇರುತ್ತದೆ, ಹಾಗಾಗಿ ಪ್ರವಾಸದಲ್ಲಿ ಒಳ್ಳೆಯದೇ. ಆದರೆ ಅಂಕಿಗಳು ಕಿಕ್ಕಿರಿದು ಮುಖ್ಯ ಸಾಲು ಓದಲು ಕಷ್ಟವಾದರೆ ಬೇಡ.

ಬೇರೆ ಬೇರೆ ದೇಶ ಸುತ್ತುತ್ತೇನೆ. ಎರಡು ಟೈಮ್ ಬೇಕಲ್ಲ?

ಹನ್ನೆರಡು ಗಂಟೆ ಗುರುತಿರುವ ತಿರುಗುವ ಬೆಜೆಲ್ ಇದ್ದರೆ ಸಾಕು, ಅಂತರದಷ್ಟು ತಿರುಗಿಸಿ. ಭಾರತ ಗ್ರೀನಿಚ್‌ಗಿಂತ 5 ಗಂಟೆ 30 ನಿಮಿಷ ಮುಂದೆ, ನೇಪಾಳ 5 ಗಂಟೆ 45 ನಿಮಿಷ ಮುಂದೆ. ಇಂಥ ಅರ್ಧ, ಮುಕ್ಕಾಲು ಗಂಟೆಯ ಕಡೆ ಡಿಜಿಟಲ್ ವಾಚ್‌ನ ವರ್ಲ್ಡ್ ಟೈಮ್ ಸುಲಭ.

ಕೀ ಕೊಡುವ ವಾಚ್ ಇದ್ದಕ್ಕಿದ್ದಂತೆ ದಿನಕ್ಕೆ ಹತ್ತು ನಿಮಿಷ ಮುಂದೆ ಓಡುತ್ತಿದೆ. ಕೆಟ್ಟಿತಾ?

ಬಹುಶಃ ಅಯಸ್ಕಾಂತ ತಾಗಿದೆ. ಒಳಗಿನ ಕೂದಲಿನಂಥ ಸ್ಪ್ರಿಂಗ್‌ನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡರೆ ಹೀಗೆ ಆಗುತ್ತದೆ. ಫೋನಿನ ಸ್ಪೀಕರ್, ಅಂಟಿಕೊಳ್ಳುವ ಪವರ್ ಬ್ಯಾಂಕ್, ಬ್ಯಾಗಿನ ಅಯಸ್ಕಾಂತದ ಗುಂಡಿ ಇವುಗಳಿಂದ ದೂರ ಇಡಿ. ರಿಪೇರಿಯವರು ಅಯಸ್ಕಾಂತ ತೆಗೆಯುವ ಯಂತ್ರದಲ್ಲಿ ಒಂದೇ ನಿಮಿಷದಲ್ಲಿ ಸರಿಮಾಡುತ್ತಾರೆ.

ತುಂಬಾ ಚಳಿ ಇರುವ ಕಡೆ ಹೋಗುತ್ತಿದ್ದೇನೆ.

ಸೊನ್ನೆಗಿಂತ ಕೆಳಗೆ ಇಳಿದಷ್ಟೂ ಎಲ್‌ಸಿಡಿ ಅಂಕಿಗಳು ನಿಧಾನವಾಗಿ, ಮಸುಕಾಗಿ ಬದಲಾಗುತ್ತವೆ. ಸೆಲ್ ಬಲವೂ ಕುಗ್ಗುತ್ತದೆ. ಕೈಗೆ ಕಟ್ಟಿ ತೋಳಿನ ಒಳಗಿಟ್ಟರೆ ಮೈಬಿಸಿ ಕಾಪಾಡುತ್ತದೆ. ರಾತ್ರಿ ಬಿಚ್ಚಿ ಹೊರಗಿಡಬೇಡಿ, ಮಲಗುವ ಚೀಲದೊಳಗೇ ಇರಲಿ.

ಸಮುದ್ರದಿಂದ, ಕಾಡಿನಿಂದ ವಾಪಸ್ ಬಂದ ಮೇಲೆ?

ಕ್ರೌನ್ ಬಿಗಿಯಾಗಿದೆಯಾ ನೋಡಿ, ಸಿಹಿನೀರಿನಲ್ಲಿ ತೊಳೆಯಿರಿ, ಮೆತ್ತನೆ ಬ್ರಷ್‌ನಿಂದ ಅಂಚಿನ ಮರಳು ತೆಗೆಯಿರಿ. ನೈಲಾನ್ ಪಟ್ಟಿಯನ್ನು ಸೋಪಿನಲ್ಲಿ ಒಗೆದು ನೆರಳಲ್ಲಿ ಒಣಗಿಸಿ. ಸ್ಪ್ರಿಂಗ್ ಕಡ್ಡಿ ಬಗ್ಗಿದ್ದರೆ ಬದಲಿಸಿ.

ಹೊಸ ವಾಚ್ ಬಂತು. ಹೊರಡುವ ಮುಂಚೆ ಏನಾದರೂ ಮಾಡಬೇಕಾ?

ಒಂದು ವಾರ ಮನೆಯಲ್ಲೇ ಕಟ್ಟಿ. ನಿಖರ ಸಮಯಕ್ಕೆ ಹೊಂದಿಸಿ ದಿನಕ್ಕೆ ಎಷ್ಟು ಹಿಂದೆ ಮುಂದೆ ಆಗುತ್ತದೆ ಬರೆದುಕೊಳ್ಳಿ. ತಾರೀಖು ಇರುವ ಮೆಕ್ಯಾನಿಕಲ್ ವಾಚ್ ಆದರೆ ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರವರೆಗೆ ತಾರೀಖು ಬದಲಿಸಬೇಡಿ, ಆಗ ಒಳಗಿನ ಹಲ್ಲುಗಳು ಕಚ್ಚಿಕೊಂಡಿರುತ್ತವೆ. ತುಂಬಿದ ಬ್ಯಾಗನ್ನು ನಾಲ್ಕು ಸಲ ಹೆಗಲಿಗೇರಿಸಿ ಇಳಿಸಿ, ಎಲ್ಲಿ ಸಿಕ್ಕಿಕೊಳ್ಳುತ್ತದೆ ನೋಡಿ. ರಾತ್ರಿ ದೀಪ ಆರಿಸುವ ಮುಂಚೆ ಬೇಕಂತಲೇ ಟಾರ್ಚ್ ತೋರಿಸದೆ ಹಾಗೇ ಮಲಗಿ. ನಡುವೆ ಎಚ್ಚರವಾದಾಗ ಅರೆಗಣ್ಣಿನಲ್ಲಿ ಒಂದು ಸಲ ಮಾತ್ರ ನೋಡಿ, ಅನಿಸಿದ ಹೊತ್ತನ್ನು ಮನಸ್ಸಿನಲ್ಲಿ ಹೇಳಿಕೊಳ್ಳಿ, ಆಮೇಲೆ ಫೋನ್ ತೆಗೆದು ತಾಳೆ ನೋಡಿ. ಮೂರು ರಾತ್ರಿಯೂ ತಾಳೆಯಾಗದಿದ್ದರೆ, ವಾಪಸ್ ಕೊಡುವ ಅವಧಿ ಮುಗಿಯುವ ಮುಂಚೆ ಬದಲಾಯಿಸಿಕೊಳ್ಳಿ.